ಒಂದು ಏಫಾ ಜವೆಗೋಧಿ

ಬೈಬಲಿನ ರೂತಳ ಕಥೆ ನನಗೆ ಚರ್ಚಿನಲ್ಲಿ ಕೇಳಿ ಕೇಳಿ ಬಾಯಿಪಾಠ. ಮದುವೆ ಬಂತೆಂದರೆ ಪಾದ್ರಿಯ ಪ್ರಸಂಗದಲ್ಲಿ ಅದೇ ಮಾತು: 'ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು.' ರೂತಳು ಇದನ್ನು ಹೇಳಿದ್ದು ಗಂಡನಿಗಲ್ಲ, ಅತ್ತೆ ನೊವೊಮಿಗೆ ಎಂಬುದನ್ನು ಮಾತ್ರ ಮದುಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ವರನ ತಾಯಿಯಾದರೂ ಖುಷಿಪಟ್ಟಾಳು.

ಮನೆಯಲ್ಲಿ ಒಬ್ಬಳೇ ಕೂತು ಸತ್ಯವೇದ ಓದಬೇಕೆನಿಸಿದಾಗ ಈ ಪುಸ್ತಕವನ್ನೇ ಹಿಡಿದೆ. ನಾಲ್ಕೇ ಅಧ್ಯಾಯ. ಮಗ ಅರ್ಧಕ್ಕೆ ಬಿಟ್ಟಿದ್ದ ನೋಟ್‌ಬುಕ್ ತಗೊಂಡೆ. ಎಡಪುಟದಲ್ಲಿ ವಚನದಲ್ಲಿ ಇರುವುದಷ್ಟೇ: ಯಾರು, ಎಲ್ಲಿ, ಯಾವಾಗ, ಯಾರಿಗೆ ಏನಂದರು. ಬಲಪುಟ ಪ್ರಶ್ನೆಗಳಿಗೆ. ಯೂಟ್ಯೂಬಿನ ಪ್ರಸಂಗವನ್ನಾಗಲಿ ವ್ಯಾಖ್ಯಾನವನ್ನಾಗಲಿ ಮೊದಲು ಮುಟ್ಟುವುದಿಲ್ಲ. ಮುಟ್ಟಿದರೆ ಅವರ ಉತ್ತರ ಬಂದು ಕೂತುಬಿಡುತ್ತದೆ, ನನ್ನ ಪ್ರಶ್ನೆ ಎದ್ದು ಹೋಗುತ್ತದೆ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬೇರೆ ವಚನಗಳ ಗುರುತು ಕೊಟ್ಟಿರುತ್ತಾರಲ್ಲ, ಅದನ್ನು ಮಾತ್ರ ಬಿಡದೆ ತೆರೆದು ನೋಡುತ್ತೇನೆ. ಎರಡನೇ ಅಧ್ಯಾಯದಿಂದ ಯಾಜಕಕಾಂಡ 19ಕ್ಕೆ ಹೋದದ್ದು ಹಾಗೆ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದು ಬಡವರಿಗೂ ಪರದೇಶದವರಿಗೂ ಇರಲಿ ಎಂದು ಅಲ್ಲಿದೆ. ರೂತಳು ಎರಡೂ ಹೌದು: ಬಡವಿ, ಗಂಡ ಸತ್ತಮೇಲೆ ಅತ್ತೆಯ ಹಿಂದೆ ಅವಳೂರಿಗೆ ಬಂದ ಮೋವಾಬ್ ಎಂಬ ಪರದೇಶದವಳು. ಆ ಊರಿನ ಹೊಲದೊಡೆಯ ಬೋವಜನಲ್ಲಿಗೆ ಅವಳು ಹೋದದ್ದು ಭಿಕ್ಷೆಗಲ್ಲ, ಹಕ್ಕಿಗೆ.

ಹದಿನೇಳನೇ ವಚನದಲ್ಲಿ ಸಿಕ್ಕಿಬಿದ್ದೆ. ಸಂಜೆತನಕ ಹಕ್ಕಲಾಯ್ದು, ಅಂದರೆ ಕೊಯ್ದವರು ಬಿಟ್ಟ ತೆನೆ ಆರಿಸಿ, ಬಡಿದಾಗ ಸುಮಾರು ಒಂದು ಏಫಾ ಜವೆಗೋಧಿ ಆಯಿತು. ಏಫಾ ಅಂದರೆ ಹೆಚ್ಚುಕಡಿಮೆ 22 ಲೀಟರ್ ಅನ್ನುತ್ತಾರೆ. ನಾನು ಬಾಯಿಬಿಟ್ಟು ಲೆಕ್ಕ ಹಾಕುತ್ತಿದ್ದೆ. ಪಡಸಾಲೆಯಲ್ಲಿ ಅತ್ತಿ ಜೋಳ ಹಸನು ಮಾಡುತ್ತಿದ್ದರು, ಮೊರದ ಸಪ್ಪಳ ನಿಂತಿತು.

"ಎಷ್ಟಂದಿ?"

"ಹದಿಮೂರು, ಹದ್ನಾಕು ಕಿಲೋ ಆಗ್ತೈತ್ರಿ ಅತ್ತಿ. ಒಂದ ದಿನದಾಗ."

"ಆಗಂಗಿಲ್ಲ ಬಿಡು. ಹಕ್ಕಲದಾಗ ಒಬ್ಬ ಹೆಣಮಗಳಿಗೆ ಅಷ್ಟು ಎಲ್ಲಿಂದ ಸಿಗಬೇಕು? ಯಾರೋ ಬೇಕಂತ ಬಿಟ್ಟಾರ."

ಅತ್ತಿಗೆ ಅಕ್ಷರ ಬಾರದು. ಆದರೆ ಹಕ್ಕಲ ಬರುತ್ತದೆ. ಅವರ ತವರು ಡೋಣಿ ನದಿ ಸಾಲಿನ ಊರು. ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ ಅನ್ನುವ ಮಾತು ಬೆಳೆದ ವರ್ಷಕ್ಕಷ್ಟೇ. 1972ರ ಬರದಲ್ಲಿ ಅವರ ಮನೆಯವರೂ ಗುಳೆ ಹೋದವರು. ತಿರುಗಿ ಬಂದಮೇಲಿನ ಸುಗ್ಗಿಗಳಲ್ಲಿ ಇವರು ಪರಕಾರದ ಹುಡುಗಿ, ಕೊಯ್ಯುವವರ ಹಿಂದೆ ತೆನೆ ಆರಿಸಿದ್ದಾರೆ. ಎರಿಹೊಲದ ಬಿರುಕಿನೊಳಗೆ ಬೆರಳು ಹಾಕಿ ತೆಗೆಯಬೇಕು, ಹೆಂಟೆ ಎತ್ತಿ ನೋಡಬೇಕು. ಕೂಲಿಯವರಿಗಿಂತ ಮುಂದೆ ಹೋದರೆ ಬೈಗುಳ, ತೀರ ಹಿಂದೆ ಉಳಿದರೆ ಏನೂ ಇಲ್ಲ. ಸಂಜೆಗೆ ಉಡಿಯಲ್ಲಿ ಕಟ್ಟಿ ತಂದದ್ದನ್ನು ಕಂಬಳಿ ಮೇಲೆ ಹರವಿ ಬಡಿಗೆಯಿಂದ ಬಡಿದು ತೂರಿದರೆ, ರಾತ್ರಿಯ ರೊಟ್ಟಿಗೂ ಮರುದಿನದ ನುಚ್ಚಿಗೂ ಆದರೆ ಪುಣ್ಯ.

ಒಂದು ವಚನ ಹಿಂದಕ್ಕೆ ಬಂದು ಓದಿ ಹೇಳಿದೆ. ಬೋವಜ ತನ್ನ ಆಳುಗಳಿಗೆ ಅಂದಿದ್ದ: ಕಟ್ಟಿದ ಸಿವುಡುಗಳಿಂದಲೂ ಒಂದಿಷ್ಟು ತೆನೆ ಎಳೆದು ಅವಳಿಗಾಗಿ ಬೀಳಿಸಿರಿ, ಗದರಿಸಬೇಡಿರಿ.

"ಹೇಳಿದ್ನೆಲ್ಲ," ಅಂದರು. ಮೊರ ಮತ್ತೆ ಶುರುವಾಯಿತು.

ಆಮೇಲೆ ಹತ್ತೊಂಬತ್ತನೇ ವಚನ ಬೇರೆಯೇ ಕಂಡಿತು. ನೊವೊಮಿ ಸೊಸೆಯನ್ನು ಕೇಳುತ್ತಾಳೆ: ಈ ಹೊತ್ತು ಎಲ್ಲಿ ಹಕ್ಕಲಾಯ್ದೆ? ನಿನ್ನನ್ನು ಲಕ್ಷಿಸಿದವನಿಗೆ ಆಶೀರ್ವಾದವಾಗಲಿ! ಹೊಲದವನ ಹೆಸರು ಅವಳಿಗೆ ಇನ್ನೂ ಗೊತ್ತಿಲ್ಲ, ಅಷ್ಟರಲ್ಲೇ ಹರಸುತ್ತಾಳೆ. ಪ್ರಸಂಗದಲ್ಲಿ ಇದನ್ನು ಶಿಷ್ಟಾಚಾರದ ಮಾತೆಂದು ದಾಟಿಬಿಡುತ್ತಾರೆ. ಅಲ್ಲ. ಮುದುಕಿ ಕಾಳು ನೋಡಿದಳು, ಊಟದಲ್ಲಿ ಮಿಗಿಸಿ ಮಡಿಲಲ್ಲಿ ತಂದ ಹುರಿಗಾಳೂ ನೋಡಿದಳು. ಅವಳೂ ಬರಕ್ಕೆ ಊರು ಬಿಟ್ಟು ಮೋವಾಬಿಗೆ ಹೋಗಿ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಅಲ್ಲೇ ಮಣ್ಣುಮಾಡಿ ಬಂದವಳು. ಹಕ್ಕಲ ಎಷ್ಟಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂರನೇ ಅಧ್ಯಾಯ ಬೇಗ ಮುಗಿಯಿತು. ಬೋವಜ ಕಣದಲ್ಲಿ ರಾಶಿಯ ಪಕ್ಕ ಮಲಗಿದ್ದಕ್ಕೆ ನಾನು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. "ರಾಶಿ ಬಿಟ್ಟು ಯಾರರ ಮನ್ಯಾಗ ಮಲಗ್ತಾರೇನ?" ಎಂದು ಅತ್ತಿ ಅಂದದ್ದಕ್ಕೆ ಅಳಿಸಿದೆ.

ಬಲಪುಟದಲ್ಲಿ ಅಳಿಸಲಾಗದೆ ಉಳಿದದ್ದು ಮೋವಾಬಿನ ಪ್ರಶ್ನೆ. ಧರ್ಮೋಪದೇಶಕಾಂಡ 23ರ ಪ್ರಕಾರ ಮೋವಾಬ್ಯರು ಹತ್ತನೇ ತಲೆಮಾರಿಗೂ ದೇವರ ಸಭೆಯಲ್ಲಿ ಸೇರಬಾರದು. ರೂತಳಿಗೆ ಬೋವಜನಿಂದ ಹುಟ್ಟಿದ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ ಅರಸ. ಹತ್ತೆಲ್ಲಿ, ಮೂರೆಲ್ಲಿ! ಹಳೆಯ ಯೆಹೂದಿ ಪಂಡಿತರು ಆ ನಿಯಮ ಮೋವಾಬಿನ ಗಂಡಸರಿಗಷ್ಟೇ, ಹೆಂಗಸರಿಗಲ್ಲ ಎಂದು ಬಗೆಹರಿಸಿದ್ದರು. ವಾದವೇನೋ ಜಾಣತನದ್ದು. ಆದರೆ ಬರೆದವನು ಮತ್ತೆ ಮತ್ತೆ 'ಮೋವಾಬ್ಯಳಾದ ರೂತಳು' ಎಂದು ಒತ್ತಿ ಹೇಳುವುದು ಸುಮ್ಮನೆ ಇರಲಿಕ್ಕಿಲ್ಲ, ಯಾರಿಗೋ ಕೇಳಿಸಲೆಂದೇ ಬರೆದಂತಿದೆ. ಅದಕ್ಕೇ ಈಗ ಸತ್ಯವೇದದ ಇನ್ನೊಂದು ಪುಸ್ತಕ ನೆಹೆಮೀಯ, ಅದರ 13ನೇ ಅಧ್ಯಾಯ ಹಿಡಿದಿದ್ದೇನೆ. ಅಲ್ಲಿ ಮೋವಾಬಿನ ಹೆಣ್ಣು ತಂದುಕೊಂಡವರನ್ನು ನೆಹೆಮೀಯ ಶಪಿಸುತ್ತಾನೆ, ಕೆಲವರನ್ನು ಹೊಡೆದು ಕೂದಲು ಕೀಳುತ್ತಾನೆ. ಇದನ್ನು ಅತ್ತಿಗೆ ಇನ್ನೂ ಓದಿ ಹೇಳಿಲ್ಲ.