ಒಂದೇ ಸಾಲಿನ ಶಾಟ್ ಲಿಸ್ಟ್

12 ನವೆಂಬರ್ 2024, ಮಂಗಳವಾರ
ರಾತ್ರಿ ಹನ್ನೊಂದೂವರೆ

ಇವತ್ತು ಏಕಾದಶಿ. ಅಮ್ಮನಿಗೆ ಉಪವಾಸ, ನನಗೂ ಪುಟ್ಟಿಗೂ ಮೊಸರವಲಕ್ಕಿ. ಒಲೆ ಹಚ್ಚುವ ಗೋಜಿಲ್ಲದೆ ಅಪರೂಪಕ್ಕೆ ಒಂದು ಸಂಜೆ ಖಾಲಿ ಸಿಕ್ಕಿತ್ತು. ಅದು ಎಲ್ಲಿ ಹೋಯಿತು ಅಂತ ಬರೆದಿಡುತ್ತಿದ್ದೇನೆ.

ಪುಟ್ಟಿ ಕಾಲೇಜಿಂದ ಬಂದವಳೇ ಬ್ಯಾಗು ಎಸೆದು ಮುಖ ಊದಿಸಿಕೊಂಡು ಕೂತಳು. ಹಳೆಯ ಕ್ಲಾಸಿಕ್ ಒಂದರ ಮೊದಲ ದೃಶ್ಯವನ್ನು ಶಾಟ್ ಶಾಟಾಗಿ, ಅಂದರೆ ಕ್ಯಾಮೆರಾ ನಿಲ್ಲಿಸದೆ ತೆಗೆದ ಒಂದೊಂದು ತುಣುಕಾಗಿ, ಬಿಡಿಸಿ ನಾಲ್ಕು ಪುಟ ಬರೆಯಬೇಕಂತೆ. ಯಾರಿಗೆ ಯಾವ ಸಿನಿಮಾ ಅಂತ ಚೀಟಿ ಎತ್ತಿಸಿದ್ದಾರೆ. ಇವಳ ಪಾಲಿಗೆ ಬಂದದ್ದು ನಿರ್ದೇಶಕ ಆರ್ಸನ್ ವೆಲ್ಸ್‌ನ 1958ರ ‘ಟಚ್ ಆಫ್ ಈವಿಲ್’. ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಅಂದವಾಗಿ ಮನೆ ಎಳೆದಿದ್ದಾಳೆ: ಶಾಟ್ ನಂಬರು, ಅಳತೆ, ಕ್ಯಾಮೆರಾ ಚಲನೆ, ಅವಧಿ. ಕೆಳಗೆ ಒಂದೇ ಸಾಲು. ಶಾಟ್ 1. ಆಮೇಲೆ ಬರೀ ಖಾಲಿ ಮನೆಗಳು.

“ಚಿಕ್ಕಮ್ಮ, ಇದ್ರಲ್ಲಿ ಕಟ್ಟೇ ಇಲ್ಲ. ನಾಲ್ಕು ಪುಟ ಏನಂತ ಬರೀಲಿ?”

ನಗು ತಡೆಯೋಕಾಗಲಿಲ್ಲ. ನನ್ನ ಹೊಟ್ಟೆಪಾಡೇ ಕಟ್, ಮದುವೆ ವಿಡಿಯೋಗಳಲ್ಲಿ ಒಂದು ಶಾಟ್ ಕತ್ತರಿಸಿ ಇನ್ನೊಂದಕ್ಕೆ ಜೋಡಿಸುವುದು. ನಾಳೆ ತುಳಸಿ ಹಬ್ಬ ಮುಗಿದರೆ ಮದುವೆಗಳು ಶುರು. ಆಗ ಹಾರ್ಡ್‌ಡಿಸ್ಕುಗಳು ಬಂದು ಬೀಳುತ್ತವೆ ಅಂತ ಹಳೇ ಬಾಕಿ ಮುಗಿಸುತ್ತಾ ಬೆಳಗ್ಗೆಯಿಂದ ಒಂದು ಟೀಸರ್ ಕಟ್ ಮಾಡುತ್ತಿದ್ದೆ. ಒಂದು ನಿಮಿಷದ ಟೀಸರಿನಲ್ಲಿ ನಲವತ್ತು ಕಟ್. ಧಾರೆ, ಕಣ್ಣೀರು, ಡ್ರೋನು, ಮತ್ತೆ ಕಣ್ಣೀರು. ಹುಡುಗನ ಕಡೆಯವರು ಇನ್ನೂ ‘ಫಾಸ್ಟ್’ ಬೇಕು ಅನ್ನುತ್ತಿದ್ದಾರೆ. ಹಾಗೆ ಕತ್ತರಿಸಿ ಕತ್ತರಿಸಿ ಕಣ್ಣು ಉರಿಯುತ್ತಿರುವವಳ ಮುಂದೆ ಕಟ್ಟೇ ಇಲ್ಲ ಅಂತ ಅಳುತ್ತಿದೆ ಈ ಹುಡುಗಿ.

ಟಿವಿಗೆ ಲ್ಯಾಪ್‌ಟಾಪ್ ಹಚ್ಚಿದೆವು. ಪುಟ್ಟಿ ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದಳು. ಅಮ್ಮ ಕುರ್ಚಿಯಲ್ಲಿ ಸಹಸ್ರನಾಮದ ಪುಸ್ತಕ ತೆರೆದುಕೊಂಡು, ನಮ್ಮ ಕಡೆ ನೋಡುತ್ತಲೇ ಇಲ್ಲ ಅನ್ನುವ ಹಾಗೆ ಕೂತಿದ್ದರು.

ಮೊದಲಿಗೆ ತೆರೆ ತುಂಬ ಎರಡು ಕೈ. ಕೈಯಲ್ಲಿ ಬಾಂಬು, ಅದಕ್ಕೆ ಟೈಮರು. ಬೆರಳು ಮುಳ್ಳು ತಿರುಗಿಸುತ್ತದೆ. ದೂರದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ನಗುತ್ತಾ ಬರುತ್ತಿದ್ದಾರೆ. ಬಾಂಬು ಹಿಡಿದವನು ಓಡುತ್ತಾನೆ, ಗೋಡೆ ಮೇಲೆ ಅವನ ನೆರಳು ಅವನಿಗಿಂತ ದೊಡ್ಡದಾಗಿ ಓಡುತ್ತದೆ. ತೆರೆದ ಕಾರಿನ ಡಿಕ್ಕಿಯಲ್ಲಿ ಅದನ್ನಿಟ್ಟು ಮಾಯ. ಆ ಇಬ್ಬರೂ ಬಂದು ಕಾರು ಹತ್ತುತ್ತಾರೆ. ಅಷ್ಟು ಹೊತ್ತಿಗೆ ಕ್ಯಾಮೆರಾ ನೆಲ ಬಿಟ್ಟು ಮೇಲೇಳುತ್ತಿದೆ. ಕಾರು ಕಟ್ಟಡದ ಹಿಂದೆ ಮರೆಯಾದಾಗ ಕ್ಯಾಮೆರಾ ಮಾಡಿನ ಮೇಲಿಂದ ದಾಟಿ, ಆಚೆ ಬೀದಿಯಲ್ಲಿ ಅದೇ ಕಾರನ್ನು ಕಾದು ಹಿಡಿಯುತ್ತದೆ. ಅಲ್ಲಿ ನನ್ನ ಕೈ ರಿಮೋಟಿನ ಮೇಲೇ ನಿಂತುಬಿಟ್ಟಿತು. ನಮ್ಮ ಜಿಮ್ಮಿ ಜಿಬ್ಬಿನ (ಕ್ಯಾಮೆರಾ ಕಟ್ಟಿದ ಉದ್ದ ತೋಳು) ಹುಡುಗ ಛತ್ರದೊಳಗೆ ಹೂವಿನ ಕಮಾನು ತಾಗಿಸದೆ ಒಂದು ಸುತ್ತು ತಿರುಗಿಸಿದರೆ ಹಬ್ಬ ನಮಗೆ. ಇದು ಕ್ರೇನಿನ ಮೇಲೆ, ರಾತ್ರಿ ಹೊತ್ತು, ಇಡೀ ಊರಿನ ನಡುವೆ, 1957ರ ಯಂತ್ರ ಇಟ್ಟುಕೊಂಡು ತೆಗೆದದ್ದು. ಕ್ಯಾಮೆರಾ ಹೊಣೆ ರಸೆಲ್ ಮೆಟ್ಟಿಯದು. ಮೆಕ್ಸಿಕೋ ಗಡಿಯ ಊರು ಅಂತ ನಂಬಿಸಿದ್ದು ಲಾಸ್ ಏಂಜಲೀಸಿನ ವೆನಿಸ್ ಅನ್ನೋ ಬಡಾವಣೆಯನ್ನು.

ಸರಿ, ಪುಟ್ಟಿಯ ಟೇಬಲ್ಲು. ಕಟ್ ಇಲ್ಲದಿದ್ದರೇನಂತೆ, ಅಳತೆ ಬದಲಾದ ಜಾಗವನ್ನೆಲ್ಲ ಗುರುತು ಮಾಡಿಕೋ ಅಂದೆ. ಕ್ಲೋಸ್‌ಅಪ್ ಆಗಿ ಶುರುವಾದದ್ದು ಎಲ್ಲಿ ಇಡೀ ಬೀದಿಯಾಯಿತು? ಯಾರು ಹೊಸದಾಗಿ ಫ್ರೇಮಿಗೆ ಬಂದರು? ನಾನಾಗಿದ್ದರೆ ಎಲ್ಲಿ ಕತ್ತರಿಸುತ್ತಿದ್ದೆ? ಆ ಒಂದೊಂದು ಜಾಗಕ್ಕೂ ಒಂದೊಂದು ಮನೆ. ಖಾಲಿ ಮನೆಗಳು ತುಂಬತೊಡಗಿದವು, ಹುಡುಗಿಯ ಮುಖದ ಊತವೂ ಸ್ವಲ್ಪ ಇಳಿಯಿತು.

ಎರಡನೇ ಸಲ ನೋಡುವಾಗ ನನಗೆ ಹೊಳೆದದ್ದು ಬೇರೆ. ಗಡಿಯ ಕಡೆ ಚಾರ್ಲ್ಟನ್ ಹೆಸ್ಟನ್ ಮತ್ತು ಜಾನೆಟ್ ಲೀ, ಹೊಸ ಗಂಡಹೆಂಡತಿ, ನಡೆದುಕೊಂಡು ಹೋಗುತ್ತಿದ್ದಾರೆ. ಬಾಂಬಿರೋ ಕಾರೂ ಅದೇ ದಾರಿಯಲ್ಲಿ. ಕಾರು ಅವರನ್ನು ದಾಟಿ ಯಾವತ್ತೋ ಹೋಗಿಬಿಡಬೇಕಲ್ಲ? ಹೋಗೋಕೆ ಬಿಡೋದಿಲ್ಲ ವೆಲ್ಸ್. ಪೊಲೀಸಿನವನು ಕೈ ಅಡ್ಡ ಹಿಡಿಯುತ್ತಾನೆ, ತಳ್ಳುಗಾಡಿ ಅಡ್ಡ ಬರುತ್ತದೆ, ಮೇಕೆ ಹಿಂಡು ಅಡ್ಡ ಬರುತ್ತದೆ. ವರಪೂಜೆಯ ದಿನ ಮೆರವಣಿಗೆಯಲ್ಲಿ ವರನ ಕಾರು ಬ್ಯಾಂಡಿನವರ ಹಿಂದೆ ತೆವಳುತ್ತದಲ್ಲ, ಹಾಗೆ. ಒಮ್ಮೆ ಕಾರು ಮುಂದೆ, ಒಮ್ಮೆ ಇವರು ಮುಂದೆ. ಮೇಕೆಗಳು ಸುಮ್ಮನೆ ಚಂದಕ್ಕೆ ಇವೆ ಅಂದುಕೊಂಡಿದ್ದೆ.

ಮೇಕೆ ಬಂದಾಗಲೇ ಅಮ್ಮನ ಪುಸ್ತಕ ಮಡಿಲಿಗೆ ಬಿತ್ತು ಅಂತ ಕಾಣುತ್ತದೆ.

“ಅದೇ ಕಾರಲ್ವೇನೇ ಬಾಂಬಿಟ್ಟಿದ್ದು? ಯಾರಾದ್ರೂ ಹೇಳ್ಬಾರ್ದಾ?”

“ಯಾರಿಗೂ ಗೊತ್ತಿಲ್ಲ ಅಜ್ಜಿ. ನಮಗೆ ಮಾತ್ರ ಗೊತ್ತು.”

ಇದನ್ನು ನಿರ್ದೇಶಕ ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬಿಗೆ ಗಂಟು ಹಾಕಿ ಪುಟ್ಟಿ ಒಂದು ಪ್ಯಾರಾ ಬರೆದಿದ್ದಳು: ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ, ಗೊತ್ತಿಲ್ಲದಿದ್ದರೆ ಹದಿನೈದು ಸೆಕೆಂಡಿನ ಬೆಚ್ಚು. ನಿಮ್ಮ ತರಗತಿಯ ಪ್ರತಿಯೊಬ್ಬರ ಪೇಪರಲ್ಲೂ ಇದೇ ಇರುತ್ತೆ ಕಣೇ, ತೆಗಿ ಅಂದೆ. ತೆಗೆಯಲಿಲ್ಲ. ಅರ್ಧ ಪುಟ ತುಂಬುತ್ತದಂತೆ.

ಚೆಕ್‌ಪೋಸ್ಟ್ ಬಂತು. ಅಧಿಕಾರಿಗೆ ಹೆಸ್ಟನ್‌ನ ಗುರುತು ಸಿಕ್ಕಿ ಖುಷಿಯೋ ಖುಷಿ. ಯಾವ ಗ್ಯಾಂಗಿನವನನ್ನು ಹಿಡಿದಿರಿ ಅಂತ ಮಾತು ಎಳೆಯುತ್ತಾನೆ. ಕಾರು ಪಕ್ಕದಲ್ಲೇ ನಿಂತಿದೆ. (ಈ ಅಧಿಕಾರಿಯ ಪಾತ್ರದವನು ರಾತ್ರಿಯಿಡೀ ಮಾತು ಮರೆಯುತ್ತಲೇ ಇದ್ದನಂತೆ. ಒಂದೇ ಶಾಟ್, ಇವನು ತಪ್ಪಿದರೆ ಮತ್ತೆ ಟೈಮರಿನಿಂದ ಶುರು. ಸುಮ್ಮನೆ ತುಟಿ ಆಡಿಸು ಮಾರಾಯ, ಮಾತು ಆಮೇಲೆ ಸೇರಿಸ್ತೀವಿ ಅಂತ ವೆಲ್ಸ್ ಹೇಳಿದ್ದನ್ನು ಹೆಸ್ಟನ್ ಹೇಳಿಕೊಂಡಿದ್ದಾನೆ. ಕೊನೆಗೆ ಒಪ್ಪಿಗೆಯಾದ ಟೇಕ್ ತೆಗೆಯುವಾಗ ಬೆಳಕು ಹರಿಯುತ್ತಿತ್ತಂತೆ. ನಮ್ಮಲ್ಲೂ ಒಂದು ಮದುವೆಯಲ್ಲಿ ಕ್ಯಾಮೆರಾ ಕಂಡೊಡನೆ ಪುರೋಹಿತರಿಗೆ ಮಂತ್ರ ಮರೆತುಹೋಗಿ... ಅದು ಇನ್ನೊಂದು ದಿನ.)

ಆಗ ಕಾರಿನಲ್ಲಿ ಕೂತ ಹುಡುಗಿ ತಲೆಯಲ್ಲಿ ಟಿಕ್ ಟಿಕ್ ಅಂತ ಏನೋ ಸದ್ದು ಬರ್ತಿದೆ ಅನ್ನುತ್ತಾಳೆ. ಅಧಿಕಾರಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದವನೂ ಅಷ್ಟೆ. ಕಾರು ಹೊರಟು ಫ್ರೇಮಿನಾಚೆ ಹೋಗುತ್ತದೆ. ಕ್ಯಾಮೆರಾ ಅದರ ಹಿಂದೆ ಹೋಗದೆ ಗಂಡಹೆಂಡತಿಯ ಜೊತೆ ಉಳಿಯುತ್ತದೆ. ಇಬ್ಬರೂ ಮುತ್ತಿಡಲು ಬಾಗುತ್ತಾರೆ, ಧಡಾರ್, ಆಗ ಮೊದಲನೇ ಕಟ್. ಉರಿಯುವ ಕಾರು.

ಸ್ಟಾಪ್‌ವಾಚ್ ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ನಿಂತಿತ್ತು. ಅಷ್ಟು ಹೊತ್ತು ಕೂಡಿಟ್ಟ ಕಟ್ಟನ್ನು ಖರ್ಚು ಮಾಡಿದ್ದು ಅಲ್ಲಿ, ಒಂದೇ ಒಂದು. ನನ್ನ ಟೀಸರಿನ ನಲವತ್ತರಲ್ಲಿ ಒಂದಾದರೂ... ಇರಲಿ.

“ಆ ಹುಡುಗಿಗೆ ಕೇಳಿಸ್ತಿತ್ತು ನೋಡು. ಪಾಪ, ಅವಳೊಬ್ಬಳೇ ನಿಜ ಹೇಳಿದ್ಲು,” ಅಂದರು ಅಮ್ಮ. ಆಮೇಲೆ ಪುಸ್ತಕ ಎತ್ತಿಕೊಳ್ಳುತ್ತಾ, “ನಾನೂ ಕಿವೀಲಿ ಜೀರುಂಡೆ ಕೂಗ್ದಂಗೆ ಆಗತ್ತೆ ಅಂತ ಯುಗಾದಿಯಿಂದ ಹೇಳ್ತಿದೀನಿ.”

ಪುಟ್ಟಿ ಪಕ್ಕನೆ ನಕ್ಕಳು. ನಾನೂ ನಕ್ಕೆ. ಅಮ್ಮ ನಗಲಿಲ್ಲ.

ಫ್ಯಾನಿನ ಸದ್ದಮ್ಮ ಅಂದಿದ್ದೆ, ನೆನಪಿದೆ. ಇನ್ನೊಮ್ಮೆ ವಯಸ್ಸಾಯ್ತಲ್ಲಮ್ಮ ಅಂದಿದ್ದೆ. ಮತ್ತೊಮ್ಮೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಹೂಂ ಅಂದಿದ್ದೆ, ಟೈಮ್‌ಲೈನಿನಿಂದ ಕಣ್ಣು ಕೀಳದೆ. ಯುಗಾದಿಗೆ ಆ ಮಾತು ಬಂದಿತ್ತಾ? ಆಗ ಏಪ್ರಿಲ್.

ಮಾತು ಬದಲಿಸಲಿಕ್ಕೋ ಏನೋ, ಪುಟ್ಟಿಗೆ ಹಳೇ ಪ್ರಿಂಟನ್ನೂ ಹಾಕಿ ತೋರಿಸಿದೆ. 1958ರಲ್ಲಿ ಸ್ಟುಡಿಯೋದವರು ಇದೇ ಶಾಟಿನ ಮೇಲೆ ಟೈಟಲ್ ಕಾರ್ಡುಗಳನ್ನೆಲ್ಲ ಹೊಡೆದು, ಹೆನ್ರಿ ಮಾನ್ಸಿನಿಯ ಬಾಂಗೋ ಸಂಗೀತವನ್ನು ಉದ್ದಕ್ಕೂ ಸುರಿದಿದ್ದರು. ಒಳ್ಳೆಯ ಸಂಗೀತವೇ, ಕಾಲು ತಾಳ ಹಾಕುತ್ತದೆ. ಆದರೆ ವೆಲ್ಸ್‌ಗೆ ಬೇಕಿದ್ದದ್ದು ಬೀದಿಯ ಸದ್ದು: ಒಂದೊಂದು ಕ್ಲಬ್ಬಿನ ಬಾಗಿಲಿಂದ ಒಂದೊಂದು ಹಾಡು, ನಡುವೆ ಕಾರಿನ ರೇಡಿಯೋ. ಸ್ಟುಡಿಯೋ ತಿದ್ದಿದ್ದನ್ನು ನೋಡಿ 58 ಪುಟದ ಟಿಪ್ಪಣಿ ಬರೆದುಕೊಟ್ಟಿದ್ದ. ನಾಲ್ಕು ಪುಟಕ್ಕೆ ಅಳ್ತೀಯಲ್ಲ ಅಂದೆ ಪುಟ್ಟಿಗೆ. ಆಗ ಅವನ ಮಾತು ಬಹುಮಟ್ಟಿಗೆ ನಡೆಯಲಿಲ್ಲ. ಅವನು ತೀರಿಕೊಂಡದ್ದು 1985ರಲ್ಲಿ. ಎಡಿಟರ್ ವಾಲ್ಟರ್ ಮರ್ಚ್ ಆ ಟಿಪ್ಪಣಿ ಮುಂದಿಟ್ಟುಕೊಂಡು ಸಿನಿಮಾ ಮತ್ತೆ ಎಡಿಟ್ ಮಾಡಿದ್ದು 1998ರಲ್ಲಿ. ನಾವು ಮೊದಲು ನೋಡಿದ್ದು ಅದನ್ನು. ಅದರಲ್ಲಿ ಕಾರು ಕಣ್ಣಿಗೆ ಬೀಳದಾಗಲೂ ರೇಡಿಯೋ ಹತ್ತಿರಾಗುತ್ತಾ ದೂರಾಗುತ್ತಾ ಇರುತ್ತದೆ. ಬಾಂಬು ಎಲ್ಲಿದೆ ಅಂತ ಕಿವಿಗೆ ಗೊತ್ತಾಗುತ್ತಿರುತ್ತದೆ.

ಇದನ್ನೇ ಬರೀ, ಮೂರನೇ ಪುಟ ಆಯ್ತು ಅಂದೆ.

ಈಗ ಇಬ್ಬರೂ ಮಲಗಿದ್ದಾರೆ. ಟೀಸರ್ ತೆರೆದು ಕೂತೆ. ಧಾರೆಯ ಹೊತ್ತಿಗೆ ಹುಡುಗಿಯ ಅಮ್ಮ ತಂಬಿಗೆ ಹಿಡಿದು ನಿಂತಿರುವ ಶಾಟೊಂದಿದೆ. ಮೂಲದಲ್ಲಿ ಇಪ್ಪತ್ತೆರಡು ಸೆಕೆಂಡು, ನಾನು ಇಟ್ಟಿರುವುದು ಒಂದೂವರೆ. ನೀರು ಬೀಳುವುದಕ್ಕೆ ಮುಂಚೆ ಆಕೆ ಏನೋ ಹೇಳುತ್ತಾಳೆ, ಗಂಡ ತಿರುಗಿ ನೋಡುವುದಿಲ್ಲ. ವಾಲಗದ ಗದ್ದಲದಲ್ಲಿ ಮಾತು ಕೇಳಿಸುವುದೂ ಇಲ್ಲ. ನಾಲ್ಕು ಸಲ ಹಾಕಿ ನೋಡಿದೆ. ಇಪ್ಪತ್ತೆರಡನ್ನೂ ಹಾಗೇ ಬಿಟ್ಟರೆ ಹುಡುಗನ ಕಡೆಯವರು ಕೊಂದೇಬಿಡುತ್ತಾರೆ.

ನಾಳೆ ದ್ವಾದಶಿ, ಅಮ್ಮ ಐದಕ್ಕೇ ಎದ್ದು ಪಾರಣೆ ಅನ್ನುತ್ತಾರೆ. ಕಿವಿ ಡಾಕ್ಟರು ಹಬ್ಬದ ದಿನ ಇರುತ್ತಾರೋ ಇಲ್ಲವೋ, ಬೆಳಗ್ಗೆ ಫೋನ್ ಮಾಡಿ ಕೇಳಬೇಕು. ತುಳಸಿ ಕಟ್ಟೆಗೆ ನೆಲ್ಲಿ ಕೊಂಬೆ ತಂದಿಲ್ಲ, ಮಾರ್ಕೆಟ್ಟಲ್ಲಿ ಬೆಳಗ್ಗೆ ಹೊತ್ತು

ಅಮ್ಮನ ಕೋಣೆಯಲ್ಲಿ ಲೈಟು ಹತ್ತಿತು. ನೋಡಿ ಬರುತ್ತೇನೆ.