ಮೊಣಕಾಲಿಗೆ ಗೊತ್ತಿದ್ದ ಗೇರು

ಅಕ್ಕನ ಮಗ ಹೊಸ ಕಾರು ಕೊಂಡ ಮೇಲೆ ಮೊದಲ ಸಲ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಂದಿದ್ದ. ಏಪ್ರಿಲ್ ತಿಂಗಳು, ಉಡುಪಿಯಲ್ಲಿ ನಂಟರ ಮನೆಯ ಉಪನಯನ. ನನ್ನ ಹಳೆಯ ಆಲ್ಟೊದಲ್ಲೇ ಹೋಗೋಣ ಎಂದರೆ ಅಕ್ಕ ಒಪ್ಪಲಿಲ್ಲ. "ಮಗ ಎ.ಸಿ. ಕಾರು ತಂದಿರುವಾಗ ನಿನ್ನ ಡಬ್ಬಿಯಲ್ಲಿ ಯಾಕೆ ಬೇಯಬೇಕು?" ಎಂದಳು. ಐದು ಜನ, ಮೂರು ಚೀಲ, ಹಲಸಿನ ಹಪ್ಪಳದ ದೊಡ್ಡದೊಂದು ಟಿನ್ನು ಹೇರಿಕೊಂಡು ಹೊರಟೆವು.

ಕಾರು ಆಟೋಮ್ಯಾಟಿಕ್. ಅದರಲ್ಲೂ ಎಎಂಟಿ ಎಂಬ ಜಾತಿಯದು. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರು ಬಂದ ಮೇಲೆ ನಮ್ಮಲ್ಲಿ ಸಣ್ಣ ಕಾರುಗಳಿಗೂ ಹಬ್ಬಿದ ವ್ಯವಸ್ಥೆ ಇದು. ಒಳಗಿರುವುದು ನಮ್ಮ ಹಳೆಯ ಕ್ಲಚ್ಚು, ಹಳೆಯ ಹಲ್ಲಿನ ಚಕ್ರಗಳೇ. ನಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರ ವಹಿಸಿಕೊಂಡಿದೆ, ಅಷ್ಟೇ. ಆಗುಂಬೆಯವರೆಗೆ ಕಾರು ಬೆಣ್ಣೆಯಂತೆ ಹೋಯಿತು. ನಾನು ಕೊಂಕು ತೆಗೆಯಲು ಕಾಯುತ್ತಿದ್ದೆ, ಸಿಗಲಿಲ್ಲ.

ನನಗೂ ಆ ಘಾಟಿಗೂ ಹಳೆಯ ಸಂಬಂಧ. ಮದುವೆಗೆ ಮುಂಚೆ ಹೆಬ್ರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಪ್ರತಿ ಸೋಮವಾರ ಬೆಳಿಗ್ಗೆ ಮಿನಿ ಬಸ್ಸಿನಲ್ಲಿ ಇಳಿಯುತ್ತಿದ್ದೆ. ದೊಡ್ಡ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಹದಿನಾಲ್ಕು ತಿರುವುಗಳಲ್ಲಿ ಮಿನಿ ಬಸ್ಸೇ ಪಕ್ಕೆ ಉಜ್ಜುವಂತೆ ತಿರುಗಬೇಕು. ಸೀಟು ಸಿಗುವುದು ಅಪರೂಪ. ಚಾಲಕನ ಪಕ್ಕದ ಬಾನೆಟ್ಟಿನ ಮೇಲೆ ಕೂರುತ್ತಿದ್ದೆ. ಕೆಳಗೆ ಎಂಜಿನ್ನಿನ ಬಿಸಿ, ಬಲಗಡೆ ಗೇರಿನ ಉದ್ದನೆಯ ಕೋಲು. ಆ ಬಸ್ಸಿನಲ್ಲಿ ಒಂದು, ಎರಡನೆಯ ಗೇರುಗಳು ನನ್ನ ಕಡೆಗಿದ್ದವು. "ಟೀಚರೇ, ಕಾಲು ಸ್ವಲ್ಪ ಆಚೆ" ಎಂದು ಆತ ಅಂದರೆ ಘಾಟಿ ಶುರುವಾಯಿತು ಎಂದೇ ಅರ್ಥ. ಅಲ್ಲಿಂದ ಸೋಮೇಶ್ವರದವರೆಗೆ ಆ ಕೋಲು ನನ್ನ ಮೊಣಕಾಲಿಗೆ ಒರಗಿಕೊಂಡೇ ನಡುಗುತ್ತಿತ್ತು. ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೂ ಬಸ್ಸು ಯಾವ ಗೇರಿನಲ್ಲಿದೆ ಎಂಬುದು ನನಗೆ ಗೊತ್ತಿರುತ್ತಿತ್ತು. ತಿರುವು ಕಾಣುವ ಮೊದಲೇ ಆತ ಗೇರು ಇಳಿಸಿರುತ್ತಿದ್ದ. ಬ್ರೇಕನ್ನು ಯಾಕೆ ಇಷ್ಟು ಕಡಿಮೆ ಒತ್ತುತ್ತೀರಿ ಎಂದು ಒಮ್ಮೆ ಕೇಳಿದೆ. "ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕು ನಿಲ್ಲಿಸುವುದಕ್ಕೆ, ಇಳಿಯುವುದಕ್ಕಲ್ಲ" ಎಂದ. ನನ್ನ ಡ್ರೈವಿಂಗ್ ಶಾಲೆ ಅದೇ. ಪರವಾನಗಿ ಸಿಕ್ಕಿದ್ದು ಎಷ್ಟೋ ವರ್ಷಗಳ ಬಳಿಕ.

ಸೂರ್ಯಾಸ್ತದ ಕಟ್ಟೆ ದಾಟಿ ಇಳಿಯಲು ಶುರು ಮಾಡಿದಾಗ ಗೇರಿನ ಲಿವರು ಡಿ ಅಕ್ಷರದ ಮುಂದಿತ್ತು, ಅಂದರೆ ಗೇರು ಬದಲಿಸುವುದು ಕಾರಿನದೇ ಕೆಲಸ. ಕಾಲು ತೆಗೆದ ಕೂಡಲೇ ಕಾರು ತಾನಾಗಿಯೇ ಮೇಲಿನ ಗೇರಿಗೆ ಜಾರುತ್ತಿತ್ತು. ಅದರ ತಪ್ಪೇನಿಲ್ಲ, ವೇಗ ಹೆಚ್ಚಾಗಿದೆ, ಎಕ್ಸಿಲರೇಟರ್ ಮೇಲೆ ಕಾಲಿಲ್ಲ, ಹಾಗಾದರೆ ಹಗುರವಾಗಿ ಹೋಗೋಣ ಎಂಬುದು ಅದರ ಲೆಕ್ಕ. ಮುಂದೆ ತಿರುವಿದೆ, ಅದರ ಆಚೆ ಪ್ರಪಾತವಿದೆ ಎಂದು ಗೇರ್‌ಬಾಕ್ಸಿಗೆ ಯಾರು ಹೇಳಬೇಕು? ಹುಡುಗ ಬ್ರೇಕು ಒತ್ತಿಕೊಂಡೇ ಇಳಿಸುತ್ತಿದ್ದ. ಮುಂದಿನ ಸೀಟಿನಲ್ಲಿದ್ದ ಭಾವ, "ನ್ಯೂಟ್ರಲ್‌ಗೆ ಹಾಕು, ಪೆಟ್ರೋಲ್ ಉಳಿಯುತ್ತದೆ" ಎಂಬ ಉಪದೇಶ ಬೇರೆ ಕೊಟ್ಟರು. ಉಳಿಯುವುದಿಲ್ಲ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಎಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲಿನ ಪೂರೈಕೆಯೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಅದು ಸುಮ್ಮನೆ ಉರಿಯುತ್ತಿರಬೇಕು. ಇದನ್ನು ಭಾವನಿಗೆ ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ಎಂಟನೆಯ ತಿರುವಿನ ಹೊತ್ತಿಗೆ ಸುಟ್ಟ ವಾಸನೆ. ಅಕ್ಕ ಚೀಲದೊಳಗೆ ಹಪ್ಪಳ ಹುಡುಕಿದಳು. ನಾನು ಹೇಳಿದೆ, "ಅಗಲವಿರುವ ಕಡೆ ನಿಲ್ಲಿಸು ಮಗ, ಬ್ರೇಕು ಕಾದಿದೆ."

ಚಕ್ರಕ್ಕೆ ಕಲ್ಲು ಕೊಟ್ಟು ಇಳಿದೆವು. ಮುಂದಿನ ಚಕ್ರಗಳ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ನೀರು ಸುರಿಯಲು ಹೊರಟ ಭಾವನನ್ನು ತಡೆದೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅರ್ಧ ಗಂಟೆ ಕಟ್ಟೆಯ ಮೇಲೆ ಮಂಗಗಳ ಜೊತೆ ಕುಳಿತೆವು. ಹಪ್ಪಳದ ಟಿನ್ನನ್ನು ಅಕ್ಕ ತೊಡೆಯ ಮೇಲಿಂದ ಇಳಿಸಲಿಲ್ಲ.

"ಉಳಿದದ್ದನ್ನು ನೀನೇ ಇಳಿಸು ಚಿಕ್ಕಮ್ಮ" ಎಂದ ಹುಡುಗ. ಅವನ ಮುಖ ಸಣ್ಣಗಾಗಿತ್ತು. ಲಿವರನ್ನು ಎಂ ಎಂಬಲ್ಲಿಗೆ ಸರಿಸಿದರೆ ಗೇರು ನಮ್ಮ ಕೈಗೆ ಬರುತ್ತದೆ. ಅದನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲವಂತೆ. ಎರಡಕ್ಕೆ ಇಳಿಸಿದೆ. ಎಂಜಿನ್ನು ಗೊಣಗಿತು, ಕಾರು ತಾನೇ ಬಿಗಿ ಹಿಡಿದುಕೊಂಡಿತು. ಮೂರು ತಿರುವು ಮಹಾರಾಣಿಯಂತೆ ಇಳಿಸಿದೆ. ಹನ್ನೆರಡನೆಯದರಲ್ಲಿ ಎದುರಿನಿಂದ ಮಿನಿ ಬಸ್ಸು ಬಂತು. ಹತ್ತುವ ಗಾಡಿಗೆ ಮೊದಲು ದಾರಿ. ನಿಲ್ಲಿಸಲು ಹೋದೆ, ನನ್ನ ಎಡಗಾಲು ತನ್ನ ಎಷ್ಟೋ ವರ್ಷದ ಅಭ್ಯಾಸದಂತೆ ಕ್ಲಚ್ಚನ್ನು ತಳದವರೆಗೆ ತುಳಿಯಿತು. ಅಲ್ಲಿ ಕ್ಲಚ್ಚು ಎಲ್ಲಿದೆ? ತುಳಿದದ್ದು ಬ್ರೇಕಿನ ಅಗಲ ಪೆಡಲನ್ನು. ಕಾರು ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ನಿಂತಿತು. ಟಿನ್ನಿನ ಮುಚ್ಚಳ ಹಾರಿ, ಅರ್ಧ ಹಪ್ಪಳ ಕಾರಿನ ತುಂಬಾ ಪುಡಿಯಾಯಿತು. ಅಕ್ಕ ಮಂಜುನಾಥನನ್ನು ಕರೆದಳು, ಆಮೇಲೆ ನನ್ನನ್ನು ಬೈದಳು. ಅಲ್ಲಿಂದ ಮುಂದೆ ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡೇ ಓಡಿಸಿದೆ.

ಉಡುಪಿಯಲ್ಲಿ ಊಟಕ್ಕೆ ಕುಳಿತಾಗ ಹುಡುಗ ಸವಾಲು ಹಾಕಿದ: "ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಹತ್ತಿರ ಬಾ, ನಿನ್ನ ಕ್ಲಚ್ಚು ತೆಗೆದುಕೊಂಡು." ಅವನ ಮಾತಿನಲ್ಲಿ ನ್ಯಾಯವಿದೆ. ಆ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ತೆವಳಿದರೆ ನನ್ನ ಮೊಣಕಾಲು ಮೂರು ದಿನ ಮಾತನಾಡಿಸುವುದಿಲ್ಲ. ಬೆಂಗಳೂರಿನಲ್ಲಿದ್ದರೆ ನಾನೂ ಇಂಥದ್ದನ್ನೇ ಕೊಳ್ಳುತ್ತಿದ್ದೆನೇನೋ. ಆದರೆ ನನ್ನ ದಾರಿ ಘಾಟಿಯದು, ಅಲ್ಲಿ ತಿರುವಿಗೆ ಮೊದಲು ನಿರ್ಧಾರ ನನ್ನ ಕೈಯಲ್ಲಿರಬೇಕು.

ರಾತ್ರಿ ವಾಪಸು ಹತ್ತುವಾಗ ಅವನೇ ಓಡಿಸಿದ, ನಾನು ಪಕ್ಕದಲ್ಲಿ ಕುಳಿತೆ. ಸೋಮೇಶ್ವರದ ಚೆಕ್‌ಪೋಸ್ಟ್ ದಾಟುತ್ತಲೇ ಲಿವರನ್ನು ಎಂಗೆ ಸರಿಸಿದ. ನನ್ನ ಬಲಮೊಣಕಾಲು ತಾನಾಗಿ ಆ ಕಡೆ ವಾಲಿತು. ಏನೂ ತಿಳಿಯಲಿಲ್ಲ. ಆ ಕಾರಿನ ಲಿವರು ಯಾವ ಗೇರಿನಲ್ಲಿದ್ದರೂ ಒಂದೇ ಕಡೆ ನೆಟ್ಟಗೆ ನಿಂತಿರುತ್ತದೆ. ಗೇರಿನ ಅಂಕಿ ಚಾಲಕನ ಮುಂದಿನ ಪರದೆಯಲ್ಲಿ ಸಣ್ಣಗೆ ಮೂಡುತ್ತದೆ, ಅದೂ ಸ್ಟೀರಿಂಗ್ ಚಕ್ರದ ಮರೆಯಲ್ಲಿ.

"ಈಗ ಎಷ್ಟರಲ್ಲಿದೆ?" ಎಂದೆ.

"ಎರಡರಲ್ಲಿ."

ಮುಂದಿನ ತಿರುವಿನಲ್ಲಿ ಮತ್ತೆ ಕೇಳಿದೆ. ಐದನೆಯ ಸಲ ಕೇಳುವ ಹೊತ್ತಿಗೆ ಹಿಂದಿನಿಂದ ಅಕ್ಕ, "ಸುಮ್ಮನೆ ಕೂರುತ್ತೀಯಾ, ಇಲ್ಲ ಇಳಿದು ಬಸ್ಸಿನಲ್ಲಿ ಬರುತ್ತೀಯಾ?" ಎಂದಳು.