ವಾಯೇಜರ್‌ನಲ್ಲಿ ಇನ್ನು ಯಾವ ಸ್ವಿಚ್ ಆಫ್ ಮಾಡೋದು?

ವಾಯೇಜರ್ ಬಗ್ಗೆ ಡಾಕ್ಯುಮೆಂಟರಿ ಅಂದ್ರೆ ನನಗೆ ಮೊದಲೇ ಸ್ವಲ್ಪ ಅನುಮಾನ, ಯಾಕಂದ್ರೆ ಬಹಳಷ್ಟು ಸಲ ಪಿಟೀಲು ಮ್ಯೂಸಿಕ್ ಹಾಕಿ, ಗುರು ಗ್ರಹ ತೋರಿಸಿ, ಶನಿಯ ಬಳೆ ತೋರಿಸಿ, ಈ ಬ್ರಹ್ಮಾಂಡದಲ್ಲಿ ನಾವೆಷ್ಟು ಚಿಕ್ಕೋರು ಅಂತ ಗಂಭೀರವಾಗಿ ಹೇಳಿ ಮುಗಿಸಿಬಿಡ್ತಾರೆ. ಈ ವಾರ ನೋಡಿದ್ದು ಹಾಗಿರಲಿಲ್ಲ. ಗ್ರಹಗಳ ಕಥೆ ಶುರುವಲ್ಲೇ ಮುಗಿದುಹೋಯ್ತು, ಆಮೇಲೆ ಪೂರ್ತಿ ತಲೆ ನರೆತ ಒಂದಷ್ಟು ಇಂಜಿನಿಯರ್‌ಗಳು ಒಂದು ಸಾಧಾರಣ ಆಫೀಸಲ್ಲಿ ಕೂತ್ಕೊಂಡು ಇನ್ನೊಂದು ನಾಲ್ಕು ವ್ಯಾಟ್ ಎಲ್ಲಿಂದ ಉಳಿಸೋದು ಅಂತ ತಲೆ ಕೆಡಿಸ್ಕೊಳ್ಳೋದೇ. ನನಗೆ ಹಿಡಿಸಿದ್ದೇ ಅದು.

ಗೊತ್ತಿಲ್ಲದೋರಿಗೆ ಬೇಗ ಹೇಳಿಬಿಡ್ತೀನಿ. ನಾಸಾದ ಎರಡು ಬಾಹ್ಯಾಕಾಶ ನೌಕೆ, ಎರಡೂ 1977ರಲ್ಲಿ ಹೋದದ್ದು, ವಾಯೇಜರ್ 2 ಆಗಸ್ಟ್ 20ಕ್ಕೆ, ವಾಯೇಜರ್ 1 ಸೆಪ್ಟೆಂಬರ್ 5ಕ್ಕೆ (ಹೌದು, ಎರಡನೇದೇ ಮೊದಲು ಹೊರಟಿದ್ದು, ಆದ್ರೆ ಒಂದನೇದು ದಾರೀಲಿ ಓವರ್‌ಟೇಕ್ ಮಾಡ್ತು). ಗುರು ಶನಿ ಎರಡನ್ನೂ ಎರಡೂ ನೋಡಿದ್ವು, ಯುರೇನಸ್ ನೆಪ್ಚೂನ್ ಹತ್ರ ಹೋಗಿದ್ದು ವಾಯೇಜರ್ 2 ಮಾತ್ರ, ಅದನ್ನ ಬಿಟ್ರೆ ಇವತ್ತಿಗೂ ಅಲ್ಲಿಗೆ ಇನ್ಯಾರೂ ಹೋಗಿಲ್ಲ.

ಕರೆಂಟ್ ಬರೋದು ಪ್ಲುಟೋನಿಯಂ 238ರಿಂದ. ಅದು ತನ್ನಷ್ಟಕ್ಕೇ ಕ್ಷಯಿಸ್ತಾ ಬಿಸಿ ಬಿಡುತ್ತೆ, ಆ ಬಿಸಿಯಿಂದ ವಿದ್ಯುತ್. ಹೊರಟಾಗ ಸುಮಾರು 470 ವ್ಯಾಟ್ ಇತ್ತು, ಕಮ್ಮಿ ಆಗ್ತಾ ಬಂದು ಈಗ ಅರ್ಧಕ್ಕಿಂತ ಕೆಳಗೆ, ಈಗಲೂ ವರ್ಷಕ್ಕೆ ಸುಮಾರು 4 ವ್ಯಾಟ್ ಇಳೀತಾನೇ ಇದೆ. ಹೊಸದಾಗಿ ತುಂಬ್ಸೋ ಹಾಗಿಲ್ಲ. ಹಾಗಾಗಿ ಒಂದೊಂದೇ ಆಫ್ ಮಾಡ್ಕೊಂಡು ಬಂದಿದ್ದಾರೆ. ನಮ್ಮ ಭೂಮಿ ಒಂದು ಚುಕ್ಕಿ ಥರ ಕಾಣೋ ಆ ಫೇಮಸ್ ಫೋಟೋ ಇದ್ಯಲ್ಲ, 1990ರ ಫೆಬ್ರವರಿ 14ರದ್ದು, ಎಲ್ಲರೂ ಅದನ್ನ ಶೇರ್ ಮಾಡ್ತಾರೆ, ಆದ್ರೆ ಆ ಸೀರೀಸ್ ತೆಗೆದು ಸುಮಾರು ಅರ್ಧ ಗಂಟೆಯಲ್ಲೇ ವಾಯೇಜರ್ 1ರ ಕ್ಯಾಮೆರಾನೇ ಬಂದ್ ಮಾಡಿದ್ರು ಅನ್ನೋದು ಯಾರಿಗೂ ನೆನಪಿರಲ್ಲ. ನೋಡೋಕೆ ಎದುರಿಗೆ ಏನೂ ಇರ್ಲಿಲ್ಲ, ಸುಮ್ನೆ ಪವರ್ ಯಾಕೆ ವೇಸ್ಟು ಅಂತ.

ಆಮೇಲಿನ ಆಯ್ಕೆಗಳೆಲ್ಲ ಅಷ್ಟು ಸುಲಭದ್ದಲ್ಲ. ನೌಕೆಯನ್ನ ತಿರುಗಿಸೋ ಪುಟ್ಟ ರಾಕೆಟ್‌ಗಳಿಗೆ ಇಂಧನ ಹೋಗೋ ಪೈಪ್ ಹೆಪ್ಪುಗಟ್ಟಿದ್ರೆ ಆಂಟೆನಾನ ಭೂಮಿ ಕಡೆ ತಿರುಗಿಸಿ ಇಡೋಕಾಗಲ್ಲ, ಅಲ್ಲಿಗೆ ಕಥೆ ಮುಗೀತು, ಆದ್ದರಿಂದ ಆ ಪೈಪ್ ಬೆಚ್ಚಗಿಡೋ ಹೀಟರ್ ಮುಟ್ಟೋ ಹಾಗಿಲ್ಲ. ಉಳಿದಿದ್ದು ಉಪಕರಣಗಳ ಹೀಟರ್. 2019ರಲ್ಲಿ ವಾಯೇಜರ್ 2ರ ಕಾಸ್ಮಿಕ್ ರೇ (ಬಾಹ್ಯಾಕಾಶದಲ್ಲಿ ಭಾರೀ ವೇಗದಲ್ಲಿ ಓಡೋ ಕಣಗಳು) ಅಳೆಯೋ ಉಪಕರಣದ ಹೀಟರ್ ಆಫ್ ಮಾಡಿದ್ರು. ಅದನ್ನ ಭೂಮೀಲಿ ಟೆಸ್ಟ್ ಮಾಡಿದ್ದೇ ಮೈನಸ್ 45 ಡಿಗ್ರಿವರೆಗೆ, ಇದು ಮೈನಸ್ 59ಕ್ಕೆ ಇಳೀತು, ಆದ್ರೂ ಡೇಟಾ ಕಳಿಸ್ತಾನೇ ಇತ್ತು. 2023ರಲ್ಲಿ ಇನ್ನೊಂದು ಉಪಾಯ: ವೋಲ್ಟೇಜ್ ಏರಿಳಿತ ಆದ್ರೆ ಕಾಪಾಡೋಕೆ ಅಂತ ಒಂದಿಷ್ಟು ಪವರ್ ಎತ್ತಿಟ್ಟಿರ್ತಾರೆ, ನಮ್ಮನೆ ಫ್ರಿಡ್ಜಿಗೆ ಸ್ಟೆಬಿಲೈಜರ್ ಇಟ್ಟಂಗೆ, ಅದನ್ನೂ ತೆಗೆದು ಉಪಕರಣಗಳಿಗೆ ಕೊಟ್ಬಿಟ್ರು. ಇಷ್ಟು ವರ್ಷದಲ್ಲಿ ವೋಲ್ಟೇಜ್ ಕೈಕೊಟ್ಟಿಲ್ಲ, ಇನ್ನು ಮುಂದೇನೂ ಕೊಡಲ್ಲ ಅನ್ನೋ ಧೈರ್ಯ. ನನಗಂತೂ ಕೈ ನಡುಗ್ತಿತ್ತು ಗುರು.

ಇನ್ನು ಮಾತುಕತೆ. ಡಾಕ್ಯುಮೆಂಟರಿ ಮುಗಿದ ಮೇಲೆ ಹುಡುಕಿ ಓದಿದ್ದು ಇದು. 2023ರ ನವೆಂಬರಿಂದ ವಾಯೇಜರ್ 1 ಅರ್ಥವಾಗದ ಗೊಜಲು ಕಳಿಸೋಕೆ ಶುರು ಮಾಡ್ತು. ಕಾರಣ ಹಳೇ ಕಂಪ್ಯೂಟರಿನ ಒಂದು ಮೆಮೊರಿ ಚಿಪ್ ಸತ್ತಿತ್ತು, ಅದರಲ್ಲಿದ್ದ ಕೋಡ್ ಪೂರ್ತಿಯಾಗಿ ಹಿಡಿಸೋವಷ್ಟು ಜಾಗ ಬೇರೆ ಎಲ್ಲೂ ಒಂದೇ ಕಡೆ ಖಾಲಿ ಇರಲಿಲ್ಲ, ಹಾಗಾಗಿ ಕೋಡನ್ನ ತುಂಡು ತುಂಡು ಮಾಡಿ ಅಲ್ಲೊಂದು ಇಲ್ಲೊಂದು ಸಂದೀಲಿ ತುರುಕಿ, ಆ ತುಂಡುಗಳೆಲ್ಲ ಸೇರಿ ಒಂದಾಗಿ ಓಡೋ ಹಾಗೆ ಹೊಂದಿಸಿದ್ರು. ಸಿಗ್ನಲ್ ಹೋಗೋಕೆ 22 ಗಂಟೆ ಮೇಲೆ, ಬರೋಕೂ ಅಷ್ಟೇ. 2024ರ ಏಪ್ರಿಲ್ 18ಕ್ಕೆ ಕಳ್ಸಿದ್ದಕ್ಕೆ 20ಕ್ಕೆ ಉತ್ತರ ಬಂತು, ಸರಿಯಾಗಿ. ನಾವಿಲ್ಲಿ ಸರ್ವರ್ ರೀಸ್ಟಾರ್ಟ್ ಆಗೋಕೆ ಎರಡು ನಿಮಿಷ ತಗೊಂಡ್ರೆ ಬೈಕೋತೀವಿ.

ವಾಯೇಜರ್ 2ರದ್ದು ಇನ್ನೊಂಥರ ಪಾಡು. ನೆಪ್ಚೂನಿನ ಉಪಗ್ರಹ ಟ್ರೈಟನ್ ನೋಡೋಕೆ ಅಂತ ಅದನ್ನ ನೆಪ್ಚೂನ್ ಉತ್ತರ ಧ್ರುವದ ಮೇಲಿಂದ ಹಾಯಿಸಿದ್ರು, ಅದು ದಕ್ಷಿಣಕ್ಕೆ ಬಾಗಿ ಹೋಗ್ಬಿಡ್ತು, ಈಗ ಅದಕ್ಕೆ ಕಮಾಂಡ್ ಕಳ್ಸೋಕೆ ಆಗೋದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ರ ಇರೋ 70 ಮೀಟರ್ ಡಿಶ್ ಒಂದರಿಂದ್ಲೇ. 2023ರ ಜುಲೈನಲ್ಲಿ ಯಾವ್ದೋ ತಪ್ಪು ಕಮಾಂಡ್ ಹೋಗಿ ಆಂಟೆನಾ ಬರೀ 2 ಡಿಗ್ರಿ ಆಚೆ ತಿರುಗ್ತು, ಅಷ್ಟಕ್ಕೇ ಸಂಪರ್ಕ ಕಟ್. ಕೊನೆಗೆ ಅದೇ ಡಿಶ್‌ನಿಂದ ಫುಲ್ ಪವರಲ್ಲಿ "ಈ ಕಡೆ ತಿರುಗು" ಅಂತ ಕೂಗಿದಂಗೆ ಸಿಗ್ನಲ್ ಬಿಟ್ರು, ಆಗಸ್ಟ್ 4ಕ್ಕೆ ಮತ್ತೆ ಸಿಕ್ತು.

ಅನ್ಯಗ್ರಹದೋರಿಗೆ ಯಾರಿಗಾದ್ರೂ ಸಿಕ್ಲಿ ಅಂತ ನೌಕೆಗಳಲ್ಲಿ ಇಟ್ಟು ಕಳ್ಸಿರೋ ಚಿನ್ನದ ರೆಕಾರ್ಡ್ ಬಗ್ಗೆ ಹೇಳ್ದೆ ಬಿಟ್ರೆ ನೀವು ಬಿಡಲ್ಲ. ಅದರಲ್ಲಿರೋ 55 ಭಾಷೆಗಳಲ್ಲಿ ಕನ್ನಡಾನೂ ಇದೆ, "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು" ಅಂತ, ಕೇಸರಬಾಯಿ ಕೇರ್ಕರ್ ಹಾಡಿರೋ ಭೈರವೀನೂ ಇದೆ. ಡಾಕ್ಯುಮೆಂಟರೀಲಿ ಕನ್ನಡ ಬರುತ್ತೇನೋ ಅಂತ ಕಿವಿಗೊಟ್ಟು ಕೂತಿದ್ದೆ, ಹಾಕ್ಲೇ ಇಲ್ಲ. ಪುಣ್ಯಕ್ಕೆ ಆ ರೆಕಾರ್ಡಿಗೆ ನೌಕೆಯ ಕರೆಂಟ್ ಬೇಕಾಗಿಲ್ಲ, ಯಾರೂ ಆಫ್ ಮಾಡೋ ಹಾಗೂ ಇಲ್ಲ.

ಈಗ ನನ್ನ ವಾದ. 2025ರ ಫೆಬ್ರವರಿಯಲ್ಲಿ ವಾಯೇಜರ್ 1ರ ಕಾಸ್ಮಿಕ್ ರೇ ಉಪಕರಣಾನೂ ಆಫ್ ಮಾಡಿದ್ರು. ಉಳಿದಿರೋದರಲ್ಲಿ ಕೊನೇವರೆಗೂ ಇಟ್ಕೋಬೇಕಾದ್ದು ಪ್ಲಾಸ್ಮಾ ವೇವ್ ಉಪಕರಣ, ಅಂದ್ರೆ ಪ್ಲಾಸ್ಮಾದಲ್ಲಿ (ವಿದ್ಯುತ್ ಹೊತ್ತ ಕಣಗಳ ಅನಿಲ) ಏಳೋ ಅಲೆ ಹಿಡಿಯೋದು, ಅಂತ ನಾನು. ಯಾಕೆ ಅಂದ್ರೆ, ಸೂರ್ಯನ ಗಾಳಿ ಮುಗಿದು ನಕ್ಷತ್ರಗಳ ನಡುವಿನ ಜಾಗ ಶುರುವಾಗೋ ಗಡಿಯನ್ನ ವಾಯೇಜರ್ 1 ದಾಟಿದ್ದು 2012ರ ಆಗಸ್ಟಲ್ಲಿ, ಆದ್ರೆ ದಾಟಿದೆ ಅಂತ ನಾಸಾ ಹೇಳಿದ್ದು 2013ರ ಸೆಪ್ಟೆಂಬರಲ್ಲಿ. ಪ್ಲಾಸ್ಮಾನ ನೇರವಾಗಿ ಅಳೆಯೋ ಉಪಕರಣ 1980ರಲ್ಲೇ ಕೆಟ್ಟೋಗಿತ್ತು, ಗಡಿ ದಾಟಿದ್ರೆ ಬದಲಾಗುತ್ತೆ ಅಂದ್ಕೊಂಡಿದ್ದ ಕಾಂತಕ್ಷೇತ್ರದ ದಿಕ್ಕು ಬದಲಾಗಲಿಲ್ಲ, ವಿಜ್ಞಾನಿಗಳಲ್ಲೇ ಜಗಳ. ಅಷ್ಟರಲ್ಲಿ 2012ರ ಮಾರ್ಚಲ್ಲಿ ಸೂರ್ಯನಿಂದ ಹೊರಟ ಒಂದು ಸ್ಫೋಟದ ಅಲೆ 13 ತಿಂಗಳು ನಡ್ಕೊಂಡು ಹೋಗಿ ವಾಯೇಜರ್ 1ರ ಸುತ್ತಲಿನ ಪ್ಲಾಸ್ಮಾನ ಕಂಪಿಸೋ ಹಾಗೆ ಮಾಡ್ತು, ಆ ಕಂಪನದ ಫ್ರೀಕ್ವೆನ್ಸಿ ಇಟ್ಕೊಂಡು ಲೆಕ್ಕ ಹಾಕಿದ್ರೆ ಸಾಂದ್ರತೆ ಗಡಿಯ ಒಳಗಡೆಗಿಂತ 40 ಪಟ್ಟು ಜಾಸ್ತಿ, ಅಂದ್ರೆ ನೌಕೆ ಆಗ್ಲೇ ಹೊರಗಿದೆ. ಜಗಳ ಹೆಚ್ಚುಕಮ್ಮಿ ಬಗೆಹರೀತು. ಅದನ್ನ ಹಿಡಿದಿದ್ದು ಹತ್ತತ್ತು ಮೀಟರಿನ ಎರಡು ಆಂಟೆನಾ ಇರೋ ಈ ಉಪಕರಣ. ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯೋ ಉಪಕರಣ) ಪಾರ್ಟಿಯವರು ಇದ್ರೆ ಕಾಮೆಂಟಲ್ಲಿ ಬನ್ನಿ, ಆದ್ರೆ 2012ರಲ್ಲಿ ನಿಮ್ಮದು ಕೈಕೊಟ್ಟಿದ್ದಕ್ಕೆ ಮೊದಲು ಉತ್ತರ ಹೇಳಿ.